ಅಲ್ಲಾಡಿದ ಚಿತ್ರ

ಪ್ರತಿ ಭಾನುವಾರ ಬೆಳಿಗ್ಗೆ, ತಿಂಡಿಯ ಪಾತ್ರೆಗಳು ಇನ್ನೂ ಸಿಂಕಿನಲ್ಲಿ ಬಿದ್ದಿರುವಾಗಲೇ, ನಾನು ತೆಗೆದ ಒಂದು ಫೋಟೋವನ್ನು ಮೊಬೈಲಿನಿಂದ ಹದಿನೈದಿಪ್ಪತ್ತು ಜನಕ್ಕೆ ಕಳಿಸುವ ಚಾಳಿ ನನಗೆ ಅಂಟಿಕೊಂಡು ನಾಲ್ಕು ವರ್ಷವಾಯಿತು. ಮೊದಮೊದಲು ಹೂವು, ಸೂರ್ಯಾಸ್ತ. ಎಲ್ಲರೂ ಅಲ್ಲಿಂದಲೇ ತಾನೆ ಶುರುಮಾಡುವುದು? ಆಮೇಲೆ ಮನೆಯ ಜನ, ಬೀದಿಯ ಜನ. ಕಳಿಸಿದ ಐದು ನಿಮಿಷಕ್ಕೆ ಉತ್ತರಗಳು ಬರತೊಡಗುತ್ತವೆ. "ಸೂಪರ್", "ಅದ್ಭುತ", ಇಲ್ಲವೆ ಮುಗಿದ ಎರಡು ಪುಟ್ಟ ಕೈಗಳು. ನನ್ನ ನಾದಿನಿ ಚಿತ್ರ ತೆರೆದು ನೋಡುವ ಮೊದಲೇ "ಸೂಪರ್" ಅನ್ನುತ್ತಾಳೆಂದು ನನಗೆ ಬಹುದಿನದ ಅನುಮಾನ. ಒಮ್ಮೆ ಕೈತಪ್ಪಿ ದಿನಸಿ ಚೀಟಿಯ ಫೋಟೋ ಹೋಗಿಬಿಟ್ಟಿತ್ತು. ಅದಕ್ಕೂ ಅವಳು ಹಾಗೇ ಅಂದಳು.

ತಪ್ಪು ಹುಡುಕುವವರು ಒಬ್ಬರೇ. ನಮ್ಮ ಬೀದಿಯ ಕೊನೆಯ ಮನೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. "ನೋಡಿಮ್ಮಾ, ನಿಮ್ಮ ಮಗನ ನೆತ್ತಿಯ ಮೇಲೆ ಲೈಟ್ ಕಂಬ ಹುಟ್ಟಿದೆ" ಎಂದು ಅವರು ಹೇಳಿದ ದಿನ ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಮಧ್ಯಾಹ್ನದ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆ. ಆದರೆ ಕಂಬ ಅಲ್ಲಿತ್ತು. ಒಮ್ಮೆ ಕಂಡ ಮೇಲೆ ಕಾಣದಿರಲು ಸಾಧ್ಯವೇ ಇರಲಿಲ್ಲ. ಅಂದಿನಿಂದ ನಾನು ಮುಖ ನೋಡುವ ಮೊದಲು ಅಂಚು ನೋಡಲು ಕಲಿತೆ. ನೂರು "ಸೂಪರ್"ಗಳು ಕಲಿಸದೇ ಇದ್ದದ್ದನ್ನು ಒಂದು ಕಂಬ ಕಲಿಸಿತು. ಬರಬರುತ್ತಾ ಶನಿವಾರ ಸಂಜೆಯೇ ಅವರ ಮನೆಗೆ ಹೋಗಿ, ತೋರಿಸಿ, ಅವರು ತಲೆಯಾಡಿಸಿದ್ದನ್ನಷ್ಟೇ ಕಳಿಸತೊಡಗಿದೆ.

ಒಂದು ಶನಿವಾರ ತೋರಿಸಿದ್ದು ನಮ್ಮ ಅತ್ತೆಯ ಚಿತ್ರ. ಹಿತ್ತಲ ಕಟ್ಟೆಯ ಮೇಲೆ ಕೂತು ಅಕ್ಕಿ ಕೇರುತ್ತಿದ್ದವರು ಏನನ್ನೋ ನೆನೆದು ಬಾಯಿತುಂಬ ನಕ್ಕಿದ್ದರು. ಮೊರ, ಕೈ ಎರಡೂ ಗಾಳಿಯಲ್ಲಿ ಕಲಸಿಹೋಗಿದ್ದವು. ಮುಖವೂ ಅಷ್ಟಾಗಿ ನಿಂತಿರಲಿಲ್ಲ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು "ಅಲ್ಲಾಡಿದೆ" ಅಂದರು. ನಾನು ಅಲ್ಲೇ ನಿಂತು ಅಳಿಸಿಬಿಟ್ಟೆ.

ಇದಾಗಿ ಕೆಲವು ತಿಂಗಳ ಮೇಲೆ, ಮಗಳು ತಂದ ಛಾಯಾಗ್ರಹಣದ ಚರಿತ್ರೆಯ ದಪ್ಪ ಪುಸ್ತಕವೊಂದರಲ್ಲಿ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಎಂಬಾಕೆಯ ಚಿತ್ರಗಳನ್ನು ನೋಡಿದೆ. ಹೆಸರಿನಲ್ಲೇ ಕ್ಯಾಮೆರಾ ಇದೆಯಲ್ಲ ಎಂದು ಮಗ ನಕ್ಕ. ಅದು ಗಂಡನ ಮನೆಯ ಹೆಸರು. ಆಕೆ ಹುಟ್ಟಿದ್ದು 1815ರಲ್ಲಿ, ಕಲ್ಕತ್ತೆಯಲ್ಲಿ. 1863ರಲ್ಲಿ, ನಲವತ್ತೆಂಟನೆಯ ವಯಸ್ಸಿನಲ್ಲಿ, ಇಂಗ್ಲೆಂಡಿನ ವೈಟ್ ದ್ವೀಪದ ಮನೆಯಲ್ಲಿ ಒಬ್ಬಳೇ ಬೇಸರಪಡಬಾರದೆಂದು ಮಗಳು ಅಳಿಯ ಒಂದು ಕ್ಯಾಮೆರಾ ತಂದುಕೊಟ್ಟರು. ಗಂಡ ಆಗ ಸಿಲೋನಿನ ತೋಟ ನೋಡಲು ಹೋಗಿದ್ದ. ಆಕೆ ಕಲ್ಲಿದ್ದಲಿನ ಕೋಣೆಯನ್ನು ಕತ್ತಲೆ ಕೋಣೆ ಮಾಡಿಕೊಂಡಳು. ಕೋಳಿಗಳನ್ನು ಹೊರಗೆ ಬಿಟ್ಟು ಕೋಳಿಮನೆಯನ್ನು ಗಾಜಿನ ಸ್ಟುಡಿಯೋ ಮಾಡಿದಳು. ನಮ್ಮಲ್ಲಿ ಎಷ್ಟು ಜನಕ್ಕೆ ಮನೆಯಲ್ಲಿ ಇಷ್ಟು ಜಾಗ ಸಿಕ್ಕೀತು, ಹೇಳಿ!

ಆ ಕಾಲದ ಕೆಲಸ ನಮ್ಮ ಹಾಗೆ ಬೆರಳು ಒತ್ತುವುದಲ್ಲ. ಗಾಜಿನ ಹಲಗೆಗೆ ಕೊಲೋಡಿಯನ್ ಎಂಬ ಅಂಟುದ್ರವ ಸುರಿದು, ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಅದು ಆರುವುದರೊಳಗೆ ಚಿತ್ರ ತೆಗೆದು ತೊಳೆಯಬೇಕು. ಎದುರು ಕೂತವರು ಹಲವು ಸೆಕೆಂಡು, ಕೆಲವೊಮ್ಮೆ ನಿಮಿಷಗಟ್ಟಲೆ ಅಲ್ಲಾಡಬಾರದು. ಅವರೋ ಅಲ್ಲಾಡುತ್ತಿದ್ದರು. ಆಕೆ ಮುಖಗಳನ್ನು ತೀರ ಹತ್ತಿರದಿಂದ ತೆಗೆಯುತ್ತಿದ್ದುದರಿಂದ ಕಣ್ಣು ಸ್ಪಷ್ಟವಾದರೆ ಕೂದಲು ಮಬ್ಬು. ಮೇಲೆ ಬೆರಳಿನ ಗುರುತು, ಗೀರು, ಕಲೆ.

ಇವನ್ನೆಲ್ಲ ಆಕೆ ಬಚ್ಚಿಡಲಿಲ್ಲ. ತಾನೂ ಸದಸ್ಯೆಯಾಗಿದ್ದ ಲಂಡನ್ನಿನ ಫೋಟೋಗ್ರಾಫಿಕ್ ಸೊಸೈಟಿಯ ಪ್ರದರ್ಶನಕ್ಕೇ ಕಳಿಸಿದಳು. ಸೊಸೈಟಿಯ ಪತ್ರಿಕೆ 1865ರಲ್ಲಿ ಆಕೆಯ ಧೈರ್ಯವನ್ನು ಒಪ್ಪಿಕೊಂಡು, ಛಾಯಾಗ್ರಹಣದ ಉಳಿದ ಗುಣಗಳನ್ನೆಲ್ಲ ಅದಕ್ಕೆ ಬಲಿಕೊಟ್ಟಿದ್ದಾಳೆಂದು ಹಳಿಯಿತು. 'ಆಲಿಸ್' ಕಥೆಯ ಲೂಯಿ ಕ್ಯಾರಲ್ ಕೂಡ ಹವ್ಯಾಸಿ ಛಾಯಾಗ್ರಾಹಕನೇ. 1864ರಲ್ಲಿ ಇಬ್ಬರೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಕೆಲವು ಸೊಗಸು, ಕೆಲವು ಬರೀ ವಿಕಾರ ಎಂಬುದು ಅವನ ತೀರ್ಪು. ನಿಮ್ಮ ಚಿತ್ರದ ಮಂದಿ ನನಗೆ ಸಿಕ್ಕಿದ್ದರೆ ಮಬ್ಬಾಗಿ ತೆಗೆಯುತ್ತಿದ್ದೆ ಎಂದು ಆಕೆ ಹೇಳಿದರೆ, ಅವನೂ ಆಕೆಯ ಮಂದಿಯ ಬಗ್ಗೆ ಅದೇ ಬಗೆಯ ಆಸೆ ಹೇಳಿಕೊಂಡನಂತೆ! ಅದೇ 1865ರಲ್ಲಿ, ಇಂದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಎನ್ನುವ ಮ್ಯೂಸಿಯಂ ಆಕೆಯ ಚಿತ್ರಗಳನ್ನು ಕೊಂಡಿತು.

ನನಗೆ ಮುಖ್ಯವೆನಿಸಿದ್ದು ಈ ಗೆಲುವಲ್ಲ. ಕೆಲವು ವರ್ಷದ ಮೇಲೆ ಆಕೆಯ ನೆಗೆಟಿವ್‌ಗಳ ಪದರ ಜೇನುಗೂಡಿನಂತೆ ಬಿರುಕು ಬಿಡತೊಡಗಿತು. ಆಗ, 1869ರಲ್ಲಿ, ತನ್ನನ್ನು ಹಳಿದಿದ್ದ ಅದೇ ಸೊಸೈಟಿಯ ಸಭೆಗೆ ಹೋಗಿ ಇದಕ್ಕೇನು ಪರಿಹಾರವೆಂದು ಕೇಳಿದಳು. ಫೋಕಸ್ಸಿನ ವಿಷಯದಲ್ಲಿ ಅವರ ಮಾತು ಕೇಳದವಳು ಬಿರುಕಿನ ವಿಷಯದಲ್ಲಿ ಅವರ ಬಾಗಿಲು ತಟ್ಟಿದಳು. ನಾವಾದರೋ ಒಮ್ಮೆ ಆಡಿಕೊಂಡವರ ಮನೆಯ ಅರಿಶಿನ ಕುಂಕುಮಕ್ಕೂ ಹೋಗುವುದಿಲ್ಲ. ಇಲ್ಲವೆ ಅವರು ಹೇಳಿದ್ದೆಲ್ಲ ವೇದವೆಂದು ನಂಬಿಬಿಡುತ್ತೇವೆ. ನಾನು ಎರಡನೆಯ ಜಾತಿ.

ಆಕೆಯ ಎಲ್ಲ ಚಿತ್ರಗಳೂ ನನಗೆ ಹಿಡಿಸವು. ಟೆನಿಸನ್ನನ ಕಾವ್ಯಕ್ಕೆಂದು ವೇಷ ತೊಡಿಸಿ ನಿಲ್ಲಿಸಿದವು ಶಾಲೆಯ ವಾರ್ಷಿಕೋತ್ಸವದ ನಾಟಕದಂತಿವೆ. 1875ರಲ್ಲಿ ಸಿಲೋನಿಗೆ ಹೋದ ಮೇಲೆ ತೆಗೆದ ಅಲ್ಲಿನ ಜನರಲ್ಲಿ ಹೆಚ್ಚಿನವರಿಗೆ ಹೆಸರೇ ಉಳಿದಿಲ್ಲ. ಇಂಗ್ಲೆಂಡಿನ ದೊಡ್ಡವರಿಗಾದರೆ ಹೆಸರಿದೆ. ಅದು ಚುಚ್ಚುತ್ತದೆ. ಆದರೆ 1867ರ ಖಗೋಳ ವಿಜ್ಞಾನಿ ಹರ್ಷಲ್ ಅವರ ಚಿತ್ರ ನೋಡಿ. ಕತ್ತಲೆಯಿಂದ ಎದ್ದುಬಂದ ಕೆದರಿದ ಬಿಳಿಗೂದಲು, ನೋಡಿ ನೋಡಿ ದಣಿದ ಕಣ್ಣು. ಸುಕ್ಕುಗಳನ್ನೆಲ್ಲ ಎಣಿಸುವಷ್ಟು ಸ್ಪಷ್ಟವಾಗಿದ್ದರೆ ಆ ದಣಿವು ಕಾಣುತ್ತಿರಲಿಲ್ಲವೇನೋ.

ಹಾಗೆಂದು ನನ್ನ ಅಲ್ಲಾಡಿದ ಚಿತ್ರಗಳೆಲ್ಲ ಕಲೆಯಾಗಿಬಿಡುವುದಿಲ್ಲ. ಆಕೆ ಬೇಕೆಂದೇ ಮಬ್ಬಾಗಿಸಿದಳು, ನನ್ನದು ಬರೀ ಕೈನಡುಕ ಎಂದು ಸಮಾಧಾನಪಟ್ಟುಕೊಳ್ಳಲು ಹೊರಟೆ. ಅದೂ ನಡೆಯಲಿಲ್ಲ. ತನ್ನ ಮೊದಲ ಮಬ್ಬು ಚಿತ್ರಗಳು ಅಕಸ್ಮಾತ್ ಬಂದವೆಂದು 1874ರಲ್ಲಿ ಬರೆದ ನೆನಪುಗಳಲ್ಲಿ ಆಕೆಯೇ ಒಪ್ಪಿಕೊಂಡಿದ್ದಾಳೆ. ಬಂದದ್ದು ಅಕಸ್ಮಾತ್ತಾಗಿ, ನೋಡಿ, ಮೆಚ್ಚಿ, ಇಟ್ಟುಕೊಂಡದ್ದು ಆಕೆ. ನನಗೂ ಆ ಕೆಲಸ ಒಂದಿತ್ತು. ಅದನ್ನು ಮೇಷ್ಟ್ರ ಕೈಗೆ ಕೊಟ್ಟು ಬಂದಿದ್ದೆ.

ಮೇಷ್ಟ್ರಿಗೆ ಇದನ್ನೆಲ್ಲ ಹೇಳಿದೆ. ಅವರು ಗಾಬರಿಯಾದರು. "ಅಯ್ಯೋ, ಅಳಿಸಿಬಿಟ್ರಾ? ಅಲ್ಲಾಡಿದೆ ಅಂದೆ, ನಿಜ. ನಗು ಚೆನ್ನಾಗಿತ್ತಲ್ಲಮ್ಮಾ!"

ಅತ್ತೆ ಈಗ ನನ್ನ ಕೈಯಲ್ಲಿ ಮೊಬೈಲು ಕಂಡರೆ ಸಾಕು, ಸೆರಗು ಸರಿಮಾಡಿಕೊಂಡು, ಬಾಯಿ ಮುಚ್ಚಿ, ಬ್ಯಾಂಕಿನ ಪಾಸ್‌ಬುಕ್ಕಿಗೆ ಕೂತವರ ಹಾಗೆ ಕೂರುತ್ತಾರೆ. ಹೋದ ಭಾನುವಾರ ಅವರು ಹಪ್ಪಳ ಒಣಹಾಕಿದ ಚಿತ್ರ ಕಳಿಸಿದೆ. ಎಲ್ಲ ಸ್ಪಷ್ಟ, ಅಂಚು ಸರಿಯಾಗಿದೆ, ಕಂಬ ಇಲ್ಲ. ಮೇಷ್ಟ್ರು "ತಪ್ಪಿಲ್ಲ" ಎಂದು ಬರೆದರು. ನಾದಿನಿ "ಸೂಪರ್" ಅಂದಳು.