ಅರ್ಥ ಮಾತ್ರ ಇಂಗ್ಲಿಷಿನಲ್ಲಿ

ನಮ್ಮ ಜಯನಗರದಲ್ಲಿ ಏಪ್ರಿಲ್ ಬಂತೆಂದರೆ ರಸ್ತೆಯ ತುಂಬ ಹೊಂಗೆ ಹೂವು. ಬೆಳಿಗ್ಗೆ ಗುಡಿಸಿ, ರಂಗೋಲಿ ಹಾಕಿ ಒಳಗೆ ಬರುವಷ್ಟರಲ್ಲಿ ಬಾಗಿಲ ಮುಂದೆ ಮತ್ತೆ ಹೂವು ಚೆಲ್ಲಿರುತ್ತದೆ. 1994ರ ಏಪ್ರಿಲ್ 3 ಅಂಥದೇ ಒಂದು ಭಾನುವಾರ. ಅವತ್ತು ಈಸ್ಟರ್. ಎದುರು ಮನೆಯ ಟೀಚರಮ್ಮ ನಸುಕಿನಲ್ಲೇ ಎದ್ದು ಹೊಸೂರು ರಸ್ತೆಯ ಸ್ಮಶಾನಕ್ಕೆ ಹೋಗಿ, ಗಂಡನ ಸಮಾಧಿಗೆ ಹೂವಿಟ್ಟು, ಮೇಣದ ಬತ್ತಿ ಹಚ್ಚಿ ಬಂದಿದ್ದರು. ಸಂಜೆ ನಮ್ಮ ಮನೆಗೆ ಬಂದಾಗ ಅವರ ಕೈಯಲ್ಲಿ ನಮಗೆ ಕೇಕು, ನಮ್ಮಮ್ಮನಿಗೆ ಬಾಳೆಹಣ್ಣು. ಕೇಕಿಗೆ ಮೊಟ್ಟೆ ಹಾಕಿಲ್ಲವೆಂದು ಅವರು ಎಷ್ಟು ಆಣೆ ಮಾಡಿದರೂ ಅಮ್ಮ ನಂಬುತ್ತಿರಲಿಲ್ಲ. ಹಿಂದೆಯೇ ಅವರ ಮೊಮ್ಮಗ ಒಂದು ದಪ್ಪ ಪುಸ್ತಕವನ್ನು ಎರಡು ಕೈಯಲ್ಲಿ ಅಪ್ಪಿಕೊಂಡು ಏದುಸಿರು ಬಿಡುತ್ತ ಬಂದ.

"ಇದಕ್ಕೆ ಈ ವರ್ಷ ನೂರು ತುಂಬಿತು ನೋಡಿ" ಎಂದರು ಟೀಚರಮ್ಮ.

ಅದು ಕಿಟ್ಟೆಲ್ ಪಾದ್ರಿಗಳ ಕನ್ನಡ-ಇಂಗ್ಲಿಷ್ ನಿಘಂಟು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಹೊರತಂದದ್ದು. ಟೀಚರಮ್ಮನ ತವರು ಮಂಗಳೂರು, ಅವರ ತಂದೆ ಅದೇ ಮಿಷನ್ನಿನ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರು. ಹಾಗಾಗಿ ಆ ಪುಸ್ತಕ ಅವರ ಮನೆಯಲ್ಲಿ ಸತ್ಯವೇದದ ಪಕ್ಕದಲ್ಲೇ ಇರುತ್ತಿತ್ತು.

ಫರ್ಡಿನಾಂಡ್ ಕಿಟ್ಟೆಲ್ ಹೆಸರು ಕೇಳದವರು ಬೆಂಗಳೂರಿನಲ್ಲಿ ಕಡಿಮೆ. ಮೇಯೋ ಹಾಲಿನ ಹತ್ತಿರ ಅವರ ಪ್ರತಿಮೆ ಇದೆ, ಆಸ್ಟಿನ್ ಟೌನಿಗೆ ಅವರ ಹೆಸರಿದೆ. ಆದರೆ ಅವರ ಪುಸ್ತಕವನ್ನು ಬಿಚ್ಚಿ ನೋಡಿದವರೆಷ್ಟು ಮಂದಿ? ಉತ್ತರ ಜರ್ಮನಿಯ ಒಂದು ಸಣ್ಣ ಊರಿನಲ್ಲಿ ಲೂಥರನ್ ಪಾದ್ರಿಯ ಮಗನಾಗಿ 1832ರ ಏಪ್ರಿಲ್‌ನಲ್ಲಿ ಹುಟ್ಟಿದ ಈತ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಇಲ್ಲಿಗೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿ ಎಂದು ಸುತ್ತಿದರು. ಇಂಡಿಯದವರ ನಡುವೆ ಇಂಡಿಯದವನೇ ಆಗಬೇಕೆಂಬ ಹಂಬಲ ಅವರದು. ಅದು ಮಿಷನ್ನಿನ ಹಿರಿಯರಿಗೆ ಅಷ್ಟಾಗಿ ಒಗ್ಗಲಿಲ್ಲ. ಮತಪ್ರಚಾರಕ್ಕೆಂದು ಬಂದವರು ಸದಾ ತಾಳೆಗರಿ, ಹಸ್ತಪ್ರತಿ, ವ್ಯಾಕರಣ ಎಂದು ಕುಳಿತರೆ ಯಾವ ಸಂಸ್ಥೆ ತಾನೇ ಸುಮ್ಮನಿದ್ದೀತು? ಪ್ರಚಾರಕರಾಗಿ ಕಿಟ್ಟೆಲ್ ಗೆದ್ದವರಲ್ಲ. ಅವರನ್ನು ಉಳಿಸಿದ್ದು ಪುಸ್ತಕದ ಹುಚ್ಚು.

ಈಸ್ಟರ್ ಮಾತು ಬಂದದ್ದರಿಂದ ಮೊದಲು 'ಕಥಾಮಾಲೆ'ಯ ಬಗ್ಗೆ ಹೇಳಿಬಿಡುತ್ತೇನೆ. ಯೇಸುವಿನ ಕಥೆಯನ್ನು ಕನ್ನಡದ ಷಟ್ಪದಿಯಲ್ಲಿ ಹೇಳಿದ ಈ ಕಾವ್ಯವನ್ನು ಕಿಟ್ಟೆಲ್ 1862ರಲ್ಲಿ ಪ್ರಕಟಿಸಿದರು. ಬಂದು ಹತ್ತು ವರ್ಷವೂ ತುಂಬದ ಪರದೇಶಿಯೊಬ್ಬ ನಮ್ಮ ಛಂದಸ್ಸಿಗೆ ಕೈ ಹಾಕಿದ್ದೇ ದೊಡ್ಡದು, ನಿಜ. ಆದರೆ ಮೆಚ್ಚುಗೆಯೇ ಬೇರೆ, ಮನಸ್ಸಿಗೆ ಹಿಡಿಸುವುದೇ ಬೇರೆ. ಷಟ್ಪದಿ ಕಣ್ಣಿನಲ್ಲಿ ಓದುವ ಪದ್ಯವಲ್ಲ. ಒಬ್ಬರು ರಾಗವಾಗಿ ಓದಬೇಕು, ಇನ್ನೊಬ್ಬರು ಅರ್ಥ ಹೇಳಬೇಕು, ಜಗಲಿಯ ತುಂಬ ಜನ ಕೂತು ತಲೆದೂಗಬೇಕು. ಗದುಗಿನ ಭಾರತಕ್ಕೆ ಆ ಜಗಲಿ ಇತ್ತು. ಕಿಟ್ಟೆಲ್ಲರ ಪದ್ಯಕ್ಕೆ ಎಲ್ಲಿತ್ತು? ಇಗರ್ಜಿಯ ಹಾಡು ಬೇರೆ ಧಾಟಿಯದು, ಗಮಕಿಗಳಿಗೆ ಕಥೆ ಹೊಸದು. ಎರಡೂ ಮನೆಗೆ ಸೇರದೆ ಅದು ಉಳಿದುಹೋಯಿತೆಂದು ನನ್ನ ಭಾವನೆ. ಪುನರುತ್ಥಾನದ ಹಬ್ಬಕ್ಕೆ ಈ ಪಾದ್ರಿ ಕೊಟ್ಟ ನಿಜವಾದ ಕಾಣಿಕೆ ಯಾವುದೆಂದರೆ ನಾನು ನಿಘಂಟನ್ನೇ ತೋರಿಸುತ್ತೇನೆ. ಯಾಕೆಂದು ಹೇಳಲು ಟೀಚರಮ್ಮ ಅವತ್ತು ಹೇಳಿದ ಕಥೆ ಬೇಕು.

ಯೇಸುವನ್ನು ಹೂಳಿದ ಮೂರನೆಯ ದಿನ ನಸುಕಿನಲ್ಲಿ ಸುಗಂಧದ್ರವ್ಯ ಹಿಡಿದು ಸಮಾಧಿಗೆ ಹೋದವರು ಹೆಂಗಸರು. ಸಮಾಧಿ ಬರಿದಾಗಿತ್ತು. ಆತ ಎದ್ದಿದ್ದಾನೆಂಬ ಸುದ್ದಿ ಕೇಳಿ ಓಡಿ ಬಂದು ಶಿಷ್ಯರಿಗೆ ಹೇಳಿದರೆ, ಆ ಗಂಡಸರಿಗೆ ಅದು ಹುರುಳಿಲ್ಲದ ಮಾತಾಗಿ ಕಂಡಿತಂತೆ. ಲೂಕ ಬರೆದ ಸುವಾರ್ತೆಯಲ್ಲಿ ಹೀಗಿದೆ. "ಹಬ್ಬದ ಸುದ್ದಿ ಮೊದಲು ತಂದವರು ನಾವು, ಮೊದಲು ನಗೆಗೀಡಾದವರೂ ನಾವೇ" ಎಂದು ಟೀಚರಮ್ಮ ನಕ್ಕರು. ನಮ್ಮಮ್ಮ ನಗಲಿಲ್ಲ. "ಹೂಂ, ಎಲ್ಲ ಕಡೆ ಅಷ್ಟೇ" ಎಂದಳು.

ನನಗೆ ಚುರುಕ್ ಎಂದಿತು. ನಾನು ಕಾಲೇಜಿನಲ್ಲಿದ್ದಾಗ ಒಮ್ಮೆ ಗೆಳತಿಯರು ಮನೆಗೆ ಬಂದಿದ್ದರು. ತಿಪಟೂರು ಕಡೆಯ ಹಳ್ಳಿಯ ನಮ್ಮಮ್ಮ ಸಡಗರದಿಂದ "ಅನ್ನ ಅಟ್ಟಿದ್ದೀನಿ, ಉಂಡು ಹೋಗ್ರಮ್ಮ" ಎಂದಳು. ಹುಡುಗಿಯರು ಮುಖ ಮುಖ ನೋಡಿಕೊಂಡು ಕಿಸಕ್ಕೆಂದರು. ಅವರು ಹೋದ ಮೇಲೆ ನಾನು, "ಅಟ್ಟಿದ್ದೀನಿ ಅಂತ ಯಾರಾದ್ರೂ ಅಂತಾರಾ? ನಾಯಿ ಅಟ್ಟೋದಾ? ಅಡುಗೆ ಮಾಡಿದ್ದೀನಿ ಅನ್ನು" ಎಂದು ಸಿಡುಕಿದ್ದೆ. ನಾಲ್ಕನೆಯ ಇಯತ್ತೆ ಓದಿದ ಅಮ್ಮ, ಬಿ.ಎ. ಓದುತ್ತಿದ್ದ ಮಗಳು. ಅಮ್ಮ ಆಮೇಲೆ ನನ್ನ ಗೆಳತಿಯರ ಮುಂದೆ ಆ ಮಾತಾಡಲಿಲ್ಲ. ಕ್ರಮೇಣ ನನ್ನ ಮುಂದೆಯೂ ಆಡಲಿಲ್ಲ.

ಎರಡು ವರ್ಷದ ಮೇಲೆ ಎಂ.ಎ. ತರಗತಿಗೆ ಏನೋ ಹುಡುಕುತ್ತ ಕಿಟ್ಟೆಲ್ ನಿಘಂಟು ತೆಗೆದರೆ ಅಲ್ಲಿ ಕೂತಿತ್ತು 'ಅಡು' ಧಾತು. ಬೇಯಿಸು ಎಂಬ ಅರ್ಥ, ಭೂತಕಾಲದಲ್ಲಿ 'ಅಟ್ಟು'. ತಮಿಳು, ಮಲಯಾಳದಲ್ಲೂ ಬಳಗವಿರುವ ಹಳೆಯ ಬೇರು. ಅಡುಗೆ ಎಂಬ ಮಾತು ಹುಟ್ಟಿದ್ದೇ ಅದರಿಂದ. ಬುಡವನ್ನು ತಪ್ಪೆಂದು ಬೈದು ಕೊಂಬೆಯನ್ನು ಸರಿ ಎಂದಿದ್ದೆ ನಾನು. ಅಮ್ಮನ ಹತ್ತಿರ ಅದನ್ನು ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ತಪ್ಪೊಪ್ಪಿಕೊಳ್ಳಲು ಇಪ್ಪತ್ತು ವರ್ಷ ಹಿಡಿಯಿತು.

ಕಿಟ್ಟೆಲ್ಲರ ದೊಡ್ಡತನ ಇರುವುದು ಇಲ್ಲಿ. 1752 ಪುಟ, ಸುಮಾರು 70,000 ಪದ ಎಂಬ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ. ಗಾತ್ರಕ್ಕಿಂತ ನನಗೆ ಮುಖ್ಯವೆನಿಸುವುದು ಅವರು ಸಾಕ್ಷಿ ಕರೆದ ರೀತಿ. ಅವರೇನು ಪಾಂಡಿತ್ಯ ಇಲ್ಲದವರಲ್ಲ. ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು 1872ರಲ್ಲಿ, ನಾಗವರ್ಮನ 'ಛಂದೋಂಬುಧಿ'ಯನ್ನು 1875ರಲ್ಲಿ ಸಂಪಾದಿಸಿದವರು. (ನಾಗವರ್ಮ ತನ್ನ ಛಂದಸ್ಸಿನ ಪಾಠವನ್ನು ಹೆಂಡತಿಗೆ ಹೇಳುವಂತೆ ಬರೆದಿದ್ದಾನೆ. ಆಕೆ ಏನಾದರೂ ಎದುರು ಪ್ರಶ್ನೆ ಕೇಳಿದ್ದಳೇ ಎಂಬುದು ನನಗೆ ಯಾವಾಗಲೂ ಕುತೂಹಲ.) ಇಷ್ಟು ಓದಿದವರು ಪದವೊಂದರ ಅರ್ಥಕ್ಕೆ ಪುರಾಣದ ಸಾಲನ್ನು ಕೊಟ್ಟು, ಅದೇ ಉಸಿರಿನಲ್ಲಿ ಬಾಯಿಮಾತಿನ ಗಾದೆಯನ್ನೂ ಕೊಡುತ್ತಾರೆ. ಒರಳಿನ ಮುಂದೆ, ಬಾವಿಕಟ್ಟೆಯಲ್ಲಿ ಆಡುವ ಮಾತಿಗೂ ಕವಿಯ ಮಾತಿಗೂ ಒಂದೇ ಪಂಕ್ತಿ. ಆ ಕಾಲದಲ್ಲಿ ಎಷ್ಟು ಪಂಡಿತರು ಇದನ್ನು ಒಪ್ಪಿಯಾರು? ಸಮಾಧಿಯಿಂದ ಓಡಿಬಂದ ಹೆಂಗಸರ ಮಾತನ್ನು ಶಿಷ್ಯರು ನಂಬಲಿಲ್ಲ. ಈ ಪಾದ್ರಿ ಅಡುಗೆಮನೆಯ ಮಾತನ್ನು ನಂಬಿದರು.

ನಂಬಿದರು ಸರಿ, ಆದರೆ ಯಾರಿಗಾಗಿ ಬರೆದಿಟ್ಟರು? ನನ್ನ ತಕರಾರು ಇರುವುದು ಇಲ್ಲಿ. ಪದ ಕನ್ನಡ, ಗಾದೆ ಕನ್ನಡ, ಅರ್ಥ ಮಾತ್ರ ಇಂಗ್ಲಿಷಿನಲ್ಲಿ. ಮಿಷನರಿಗಳಿಗೆ, ಅಧಿಕಾರಿಗಳಿಗೆ ಬೇಕಾಗಿದ್ದ ಪುಸ್ತಕ ಅದು, ಒಪ್ಪುತ್ತೇನೆ. ಆದರೂ ಮಾತನ್ನು ಕೊಟ್ಟ ಮನೆಯವಳಿಗೇ ಬಾಗಿಲು ಹಾಕಿದಂತಾಯಿತಲ್ಲ? ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದ್ರಾಸ್ ವಿಶ್ವವಿದ್ಯಾನಿಲಯ 1968ರಿಂದ 71ರವರೆಗೆ ನಾಲ್ಕು ಸಂಪುಟಗಳಲ್ಲಿ ತಂದಾಗಲೂ ಅರ್ಥದ ಭಾಷೆ ಬದಲಾಗಲಿಲ್ಲ. ಕನ್ನಡಕ್ಕೆ ಕನ್ನಡದಲ್ಲೇ ಅರ್ಥ ಹೇಳುವ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು ಮುಗಿಯಲು 1995 ಬರಬೇಕಾಯಿತು. ಜಿ. ವೆಂಕಟಸುಬ್ಬಯ್ಯನವರು 'ಪ್ರಜಾವಾಣಿ'ಯಲ್ಲಿ 'ಇಗೋ ಕನ್ನಡ' ಬರೆಯತೊಡಗಿದಾಗ ಅಮ್ಮ ಅದನ್ನು ತಪ್ಪದೆ ಓದುತ್ತಿದ್ದಳು. ನಿಘಂಟು ಎಂಬುದು ತನ್ನಂಥವರಿಗೂ ಉಂಟು ಎಂದು ಅವಳಿಗೆ ಅನ್ನಿಸಿದ್ದು ಬಹುಶಃ ಆಗಲೇ.

ಇನ್ನೊಂದು ಕೊರತೆಯನ್ನು ಕಂಡುಹಿಡಿದದ್ದು ನಾನಲ್ಲ, ಅಮ್ಮ. ಅವತ್ತು ಸಂಜೆ ನಾನು ಟೀಚರಮ್ಮನ ಕೈಯಿಂದ ಪುಸ್ತಕ ತೆಗೆದುಕೊಂಡು 'ಅಡು' ಇರುವ ಪುಟ ತೆಗೆದೆ. ಹಳೆಯ ಕಥೆಯನ್ನೆಲ್ಲ ಹೇಳಿದೆ. ಅಮ್ಮ ಕನ್ನಡಕ ಏರಿಸಿಕೊಂಡು ಕನ್ನಡ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಟೀಚರಮ್ಮ ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳಿದರು. ಆಮೇಲೆ ಅಮ್ಮ ಒಂದೊಂದೇ ಪದ ಕೊಡುವುದು, ಟೀಚರಮ್ಮ ಹುಡುಕುವುದು. ಕೆಲವು ಅರ್ಥಕ್ಕೆ ಅಮ್ಮ ತಲೆಯಾಡಿಸಿದಳು, ಕೆಲವಕ್ಕೆ "ಊಹೂಂ, ನಮ್ಮ ಕಡೆ ಹಾಗಲ್ಲ" ಎಂದಳು. ದೀಪ ಹಚ್ಚುವ ಹೊತ್ತಾದರೂ ಇಬ್ಬರೂ ಏಳಲಿಲ್ಲ. ಕೇಕು ಒಣಗುತ್ತಿತ್ತು.

ಒಂದು ಗಾದೆ ಓದಿದಾಗ ಅಮ್ಮ ತಟ್ಟನೆ, "ಇದು ನಮ್ಮಜ್ಜಿ ಆಡ್ತಿದ್ದ ಮಾತು. ಅವರು ಯಾರ ಮನೇಲಿ ಕೇಳಿದ್ದಂತೆ?" ಎಂದಳು.

ಟೀಚರಮ್ಮ ಪುಟವನ್ನು ಕಣ್ಣಿಗೆ ಹತ್ತಿರ ಹಿಡಿದರು. ಕೆಲವು ಪದಗಳ ಮುಂದೆ ಮೈಸೂರು ಸೀಮೆ, ಧಾರವಾಡದ ಕಡೆ ಎಂದು ಪ್ರದೇಶದ ಗುರುತು ಇರುತ್ತದೆ. ಆಡಿದವರ ಗುರುತಿಲ್ಲ. ಗಾದೆ ಎಂದು ಸೂಚಿಸುವ ಮೂರಕ್ಷರ, ಅಷ್ಟೇ.

"ಅದನ್ನ ಬರೆದಿಲ್ಲ ಕಣ್ರೀ" ಎಂದರು.

"ಕೇಳಿರ್ತಾರೆ, ಬರೆಯೋಕೆ ಮರೆತಿರ್ತಾರೆ" ಎಂದು ಅಮ್ಮ ಬಾಳೆಹಣ್ಣು ಸುಲಿಯತೊಡಗಿದಳು. "ಇರಲಿ, ಮುಂದಿನ ಪದ ನೋಡಿ."