ಬುಟ್ಟಣಸೆಟ್ಟಿ, ಕಾಳಿ, ದೇಕಬ್ಬೆ: ಸ್ವರ್ಗದ ಕಥೆಯಲ್ಲಿ ಸಣ್ಣವರ ಜಾಗ

ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಕ್ರಿ.ಶ. 890ರ ಸುಮಾರಿನ ಶಾಸನವೊಂದಿದೆ. ‘ಬೆಂಗಳೂರು’ ಹೆಸರಿನ ಅತಿ ಹಳೆಯ ದಾಖಲೆಯೆಂದು ಅದನ್ನು ಕೊಂಡಾಡುತ್ತೇವೆ. ಬೆಂಗಳೂರ ಕಾಳಗದಲ್ಲಿ ಮಡಿದ, ಗಂಗರ ಅಧಿಕಾರಿ ನಾಗತ್ತರನ ಕಡೆಯ ಬುಟ್ಟಣಸೆಟ್ಟಿಯನ್ನು ಮಾತ್ರ ಮರೆಯುತ್ತೇವೆ. ಕಲ್ಲು ನಿಂತದ್ದು ಊರಿಗಾಗಿ ಅಲ್ಲ, ಅವನಿಗಾಗಿ.

ವೀರಗಲ್ಲು ನಮ್ಮ ಹಳೆಯ ಆಕಾಶಯಾನದ ಕಥೆ. ಕೆಳಗೆ ಹೋರಾಟ, ನಡುವೆ ಸತ್ತವನನ್ನು ಮೇಲಕ್ಕೊಯ್ಯುವ ಅಪ್ಸರೆಯರು, ತುದಿಯಲ್ಲಿ ಶಿವಲೋಕ. ತುರು ಕಾದವನಿಗೂ ದಂಡನಾಯಕನಿಗೂ ಸಾಮಾನ್ಯವಾಗಿ ಅದೇ ಮೂರು ಹಂತ. ಈ ಸಮಾನತೆಯನ್ನು ನಾನು ದೊಡ್ಡದೆಂದು ಎಣಿಸುತ್ತೇನೆ.

ಈ ಕಾಲದ ಆಕಾಶಯಾನದ ಕಥೆಯಾದ 1977ರ ‘ಸ್ಟಾರ್ ವಾರ್ಸ್’ ಚಿತ್ರದಲ್ಲಿ ಆ ಸಮಾನತೆ ಇಲ್ಲ. ಶತ್ರುವಿನ ಮಹಾಯಂತ್ರದ ನಕ್ಷೆ ಕದ್ದ ಗೂಢಚಾರರು ಆರಂಭದ ಬರಹದಲ್ಲೇ ಸುಳಿದು ಮರೆಯಾಗುತ್ತಾರೆ. ಆ ನಕ್ಷೆಯಿಂದ ಗೆಲ್ಲುವವನು ಕಥಾನಾಯಕ ಲ್ಯೂಕ್. 1983ರ ಚಿತ್ರದಲ್ಲಿ ಎರಡನೆಯ ಯಂತ್ರದ ಸುದ್ದಿ ತಂದು ಸತ್ತ ಬಾಥನ್ನರಿಗೆ ಮುಖವೂ ಇಲ್ಲ. 2016ರ ‘ರೋಗ್ ವನ್’ ಬಂದ ಮೇಲೆಯೇ ಮೊದಲ ಗೂಢಚಾರರಿಗೆ ಜಿನ್, ಕ್ಯಾಸಿಯನ್ ಎಂಬ ಹೆಸರು, ಕಣ್ಣೆದುರಿನ ಸಾವು ದಕ್ಕಿದ್ದು. ಆ ಸರಣಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಚಿತ್ರ ಅದು. ಅದು ಕಟ್ಟಿದ್ದು ವೀರಗಲ್ಲನ್ನೇ.

ಇನ್ನು ಬುಟ್ಟಣಸೆಟ್ಟಿಯ ಒಡೆಯ ನಾಗತ್ತರನಿಗೂ ಒಂದು ವೀರಗಲ್ಲಿದೆ; ಅದು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಕಾಲಾಳುಗಳು ಒತ್ತೊತ್ತಾಗಿ ಕಾದುವ ದೃಶ್ಯ. ತನ್ನ ಒಡೆಯ, ಗಂಗ ದೊರೆ ಎರೆಯಪ್ಪನ ಮಾತಿನಂತೆ ಅಯ್ಯಪದೇವನ ನೆರವಿಗೆ ಹೋಗಿ, ವೀರಮಹೇಂದ್ರನ ವಿರುದ್ಧ ತುಂಬೆಪಾಡಿಯಲ್ಲಿ ಕಾದಿ ನಾಗತ್ತರ ಸತ್ತ. ಎರೆಯಪ್ಪ ನಾಗತ್ತರ ಪಟ್ಟವನ್ನು ಇರುಗನೆಂಬವನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು ಕೊಟ್ಟ. ಪ್ರಧಾನ ಪಾತ್ರದ ಜಾಗಕ್ಕೆ ಇನ್ನೊಬ್ಬ ಬಂದ. ಬುಟ್ಟಣಸೆಟ್ಟಿಯ ಸಾವಿಗೆ ಹಾಗೆ ವಾರಸುದಾರರಿಲ್ಲ. ಅವನು ಅವನೇ ಆಗಿ ಉಳಿದ.

ಅದೇ ವಸ್ತುಸಂಗ್ರಹಾಲಯದ ಆತಕೂರು ಕಲ್ಲು ಇನ್ನೂ ಮುಂದೆ ಹೋಗುತ್ತದೆ. ಕಾಲ 949-50, ರಾಷ್ಟ್ರಕೂಟ ಕೃಷ್ಣ, ಗಂಗ ಬೂತುಗ, ತಕ್ಕೋಲದ ಯುದ್ಧ ಎಲ್ಲವೂ ಅಲ್ಲಿವೆ. ಯುದ್ಧದಲ್ಲಿ ಮೆರೆದ ಮಣಲೆರನೆಂಬ ವೀರ ಮೆಚ್ಚುಗೆಯಾಗಿ ಒಡೆಯನಲ್ಲಿ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಹಂದಿಯೊಂದಿಗೆ ಹೋರಾಡಿತು, ಎರಡೂ ಸತ್ತವು. ಕೆತ್ತಿದ ಚಿತ್ರ ಆ ಎರಡರದೇ; ಸಾಮ್ರಾಟರೆಲ್ಲ ಅಕ್ಷರಗಳಲ್ಲಿ ಸುತ್ತ ನಿಂತಿದ್ದಾರೆ. ಪೂಜೆ ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಉಣ್ಣಕೂಡದೆಂಬ ಕಟ್ಟಳೆಯೂ ಇದೆ. ಲೋಕದ ಯಾವ ಆಕಾಶಕಥೆಯೂ ನಾಯಿಗೆ ಇಷ್ಟು ಮರ್ಯಾದೆ ಕೊಟ್ಟದ್ದನ್ನು ನಾನು ಕಂಡಿಲ್ಲ.

ಆದರೆ ಈ ಪರಂಪರೆ ಹೆಣ್ಣಿನ ವಿಷಯದಲ್ಲಿ ಸೋಲುತ್ತದೆ. ಅಪ್ಸರೆಯರು ಸಾಲಾಗಿ, ಒಂದೇ ಅಚ್ಚಿನ ಮುಖಗಳಾಗಿ, ಹೊತ್ತೊಯ್ಯುವ ಕೆಲಸಕ್ಕೇ ನಿಂತಿದ್ದಾರೆ. ಸತ್ತವನ ಮನೆಯಾಕೆ ಸಾಮಾನ್ಯವಾಗಿ ಚೌಕಟ್ಟಿನೊಳಗೇ ಬರುವುದಿಲ್ಲ. ಅಪರೂಪಕ್ಕೆ, 1057ರ ಬೆಳತೂರು ಶಾಸನದಲ್ಲಿ ದೇಕಬ್ಬೆ ಎಂಬಾಕೆ ನಡುವಿಗೆ ಬರುತ್ತಾಳೆ. ಗಂಡ ಏಚನನ್ನು ಚೋಳ ದೊರೆ ಕೊಲ್ಲಿಸಿದ ಸುದ್ದಿ ಕೇಳಿ ಅವಳು ಚಿತೆಗೆ ಹೊರಡುತ್ತಾಳೆ. ಹೆತ್ತವರು ಬೇಡವೆಂದು ಗೋಗರೆಯುತ್ತಾರೆ, ಅವಳು ಒಪ್ಪುವುದಿಲ್ಲ. ಇಡೀ ಪದ್ಯಶಾಸನ ಅವಳದು, ಮಾತೂ ಅವಳದೇ. ಬುಟ್ಟಣಸೆಟ್ಟಿಗೆ ಕತ್ತಿ ಹಿಡಿದರೆ ಸಾಕಾಗಿದ್ದ ಜಾಗಕ್ಕೆ ಅವಳು ಬೆಂಕಿ ಹೊಗಬೇಕಾಯಿತು. ಆ ಕಾವ್ಯವನ್ನು ಮೆಚ್ಚುವಾಗಲೂ ಈ ಬೆಲೆಯನ್ನು ನಾನು ಒಪ್ಪಲಾರೆ.