ಮಸಿಗಿಂತ ಮೊದಲು ಬಂದ ಕಪ್ಪು

ಬಿಳಿ ಪಂಚೆ ಇಳಿಬಿಟ್ಟು, ಪಕ್ಕದಲ್ಲೊಂದು ದೀಪ ಉರಿಸಿ ರಾತ್ರಿಯೆಲ್ಲ ಪತಂಗಗಳಿಗೆ ಕಾಯುವ ನಮ್ಮ ಬಳಗದಲ್ಲಿ ಇಂಗ್ಲೆಂಡಿನ ಪೆಪ್ಪರ್ಡ್ ಮಾತ್ ಕತೆ ಗೊತ್ತಿಲ್ಲದವರು ಕಡಿಮೆ. ಬಿಳಿ ರೆಕ್ಕೆಯ ಮೇಲೆ ಕರಿಮೆಣಸಿನ ಪುಡಿ ಉದುರಿಸಿದಂಥ ಚುಕ್ಕೆ. ಕಲ್ಲುಹೂವು ಹಬ್ಬಿದ ಮರದ ಮೇಲೆ ಕೂತರೆ ಹಕ್ಕಿಯ ಕಣ್ಣಿಗೂ ಬೀಳದು. ಕಾರ್ಖಾನೆಗಳ ಮಸಿಗೆ ಮರಗಳು ಕಪ್ಪಾದವು, ಬಿಳಿಯವು ಹಕ್ಕಿಗಳ ಪಾಲಾದವು, ಕರಿಯವು ಹೆಚ್ಚಿದವು. ಪಠ್ಯಪುಸ್ತಕ ಇಲ್ಲಿಗೆ ಕೈತೊಳೆದುಕೊಳ್ಳುತ್ತದೆ. ಆದರೆ ಮಸಿ ಕಪ್ಪು ಬಣ್ಣವನ್ನು ಉಳಿಸಿತೇ ಹೊರತು ಹುಟ್ಟಿಸಲಿಲ್ಲ. ಹಾಗಾದರೆ ಅದು ಬಂದದ್ದೆಲ್ಲಿಂದ?

ಉತ್ತರ ಸಿಕ್ಕಿದ್ದು 2016ರಲ್ಲಿ. ಲಿವರ್‌ಪೂಲ್ ವಿಶ್ವವಿದ್ಯಾಲಯದ ಇಲಿಕ್ ಸಾಕೆರಿ ಅವರ ತಂಡ ಕರಿ ಪತಂಗದ ಕಾರ್ಟೆಕ್ಸ್ ಎಂಬ ಜೀನಿನೊಳಗೆ, ಪ್ರೋಟೀನಿಗೆ ಸಂಬಂಧವಿಲ್ಲದ ಜಾಗದಲ್ಲಿ, 21,925 ಅಕ್ಷರಗಳ ಡಿಎನ್‌ಎ ತುಂಡೊಂದನ್ನು ಕಂಡಿತು. ಅದು ಟ್ರಾನ್ಸ್‌ಪೋಸಾನ್, ಅಂದರೆ ಜಿಗಿಯುವ ಜೀನ್: ಒಂದು ಕಡೆಯಿಂದ ಕಿತ್ತು ಬಂದು ಇನ್ನೊಂದು ಕಡೆ ಸೇರಿಕೊಳ್ಳುವ ಜಾತಿಯದು. ಸುಮಾರು 9,000 ಅಕ್ಷರಗಳ ಒಂದೇ ಪಾಠ ಅದರಲ್ಲಿ ಎರಡೂಕಾಲು ಬಾರಿಗಿಂತ ತುಸು ಹೆಚ್ಚೇ ಮರುಕಳಿಸಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಅಂಚು. ಬಿಳಿ ಪತಂಗದಲ್ಲಿ ಆ ಜಾಗದಲ್ಲಿ ಒಂದೇ ಸಲ ಇರುವ ನಾಲ್ಕು ಅಕ್ಷರ ಕರಿಯದರಲ್ಲಿ ತುಂಡಿನ ಎರಡೂ ಬದಿ ಇವೆ. ಹೊರಗಿನದು ನುಗ್ಗಿದ್ದಕ್ಕೆ ಉಳಿದ ಗುರುತು ಅದು.

ಈ ಜಿಗಿತ ಬಹುಶಃ 1819ರ ಆಸುಪಾಸಿನಲ್ಲಿ ಆಗಿರಬೇಕೆಂದು ಅದೇ ತಂಡದ ಅಂದಾಜು. ಎಲ್ಲರೂ ಉಲ್ಲೇಖಿಸುವ ಮೊದಲ ಕರಿ ಪತಂಗ ಮ್ಯಾಂಚೆಸ್ಟರಿನಲ್ಲಿ ಸಿಕ್ಕಿದ್ದು 1848ರಲ್ಲಿ, ಆರ್. ಎಸ್. ಎಡಲ್‌ಸ್ಟನ್ ಎಂಬ ಸಂಗ್ರಾಹಕನಿಗೆ. (ಪತಂಗದ ಹುಚ್ಚನ್ನು ಕಾಲಹರಣ ಎನ್ನುವ ಮನೆಮಂದಿಗೆ ಈ ಸಾಲನ್ನು ಗಟ್ಟಿಯಾಗಿ ಓದಿ ಹೇಳಿ.) ಕಾರ್ಟೆಕ್ಸಿನ ಕೀರ್ತಿಯೂ ಈಗ ಅಲುಗಾಡುತ್ತಿದೆ. ರೆಕ್ಕೆಗೆ ಕಪ್ಪು ಬಳಿಯುವುದು ಆ ಜೀನಲ್ಲ, ಅದರ ನೆರೆಯಿಂದ ಹೊರಡುವ ಪುಟ್ಟ ಆರ್‌ಎನ್‌ಎ ಎಂದು 2024ರ ಚಿಟ್ಟೆ ಸಂಶೋಧನೆಗಳು ಹೇಳುತ್ತಿವೆ.

ಇಂಥ ಜಿಗಿಯುವ ತುಂಡುಗಳನ್ನು ಒಂದು ಕಾಲಕ್ಕೆ ಕಸ ಎಂದು ತಳ್ಳಿಹಾಕಿದ್ದರು. ಈಗ ಪ್ರತಿಯೊಂದಕ್ಕೂ ಉಪಕಾರ ಹುಡುಕುವ ಚಾಳಿ ಶುರುವಾಗಿದೆ. ನನಗೆ ಎರಡೂ ಹಿಡಿಸುವುದಿಲ್ಲ. ಹಣ್ಣುನೊಣ ಡ್ರಾಸೊಫಿಲಾ ಮೆಲನೋಗ್ಯಾಸ್ಟರನ್ನೇ ನೋಡಿ. ಪಿ ಎಲಿಮೆಂಟ್ ಎಂಬ ಜಿಗಿಯುವ ತುಂಡು 20ನೆಯ ಶತಮಾನದಲ್ಲಿ ಇನ್ನೊಂದು ಪ್ರಭೇದದ ನೊಣದಿಂದ ಇದಕ್ಕೆ ದಾಟಿಕೊಂಡು, ಕೆಲವೇ ದಶಕಗಳಲ್ಲಿ ಲೋಕದ ಕಾಡು ನೊಣಗಳಲ್ಲೆಲ್ಲ ಹಬ್ಬಿತು. ಅದಕ್ಕೂ ಮುಂಚೆ ಹಿಡಿದು ಪ್ರಯೋಗಾಲಯದಲ್ಲಿ ಸಾಕಿಕೊಂಡು ಬಂದ ನೊಣಗಳಲ್ಲಿ ಅದು ಇಲ್ಲ. ಅಂಥ ಹೆಣ್ಣಿಗೆ ಕಾಡಿನ ಗಂಡು ಕೂಡಿಸಿದರೆ ಮರಿಗಳು ಬಹುಪಾಲು ಬಂಜೆ. ಕಾಡಿನ ಹೆಣ್ಣಿಗೆ ಪ್ರಯೋಗಾಲಯದ ಗಂಡು ಕೂಡಿಸಿದರೆ ಏನೂ ತೊಂದರೆಯಿಲ್ಲ, ಏಕೆಂದರೆ ಪಿ ಎಲಿಮೆಂಟನ್ನು ಅಡಗಿಸುವ ಕಿರು ಆರ್‌ಎನ್‌ಎಗಳನ್ನು ಆ ತಾಯಿ ಮೊಟ್ಟೆಯಲ್ಲೇ ತುಂಬಿ ಕಳಿಸಿರುತ್ತಾಳೆ.